ಕಡಲ ದಂಡೆಯಲ್ಲಿ ಮುರುಗೇಶಪ್ಪನವರ ನಿಧಿ

ಮುರುಗೇಶಪ್ಪನವರಿಗೆ ಮನೆಯವರ ಮೇಲೆ ಇದ್ದ ದೂರು ಒಂದೇ. ಈ ಮನೆಮಂದಿಗೆ ಊರು ನೋಡಲು ಬರುವುದಿಲ್ಲ! ನೋಡಿದ್ದನ್ನೇ ನೋಡುತ್ತಾರೆ, ನಿಂತಲ್ಲೇ ನಿಲ್ಲುತ್ತಾರೆ. ಗುಡಿ ಎಂದರೆ ಏನು? ಒಳಗೆ ಹೋಗುವುದು, ಕೈ ಮುಗಿಯುವುದು, ಹೊರಗೆ ಬರುವುದು. ಇದಕ್ಕೆ ಗಂಟೆಗಟ್ಟಲೆ ಯಾಕೆ ಬೇಕು? ಅಷ್ಟು ಹೊತ್ತಿನಲ್ಲಿ ಚೌಕಿಪೇಟೆಯ ತಮ್ಮ ಬಟ್ಟೆ ಅಂಗಡಿಯಲ್ಲಿ ಅವರು ಒಂದು ಇಡೀ ಮದುವೆಯ ಜವಳಿ ಕಟ್ಟಿ ಕಳಿಸುತ್ತಾರೆ. (ಗಿರಾಕಿಗಳು ಮನೆಗೆ ಹೋಗಿ ಬಿಚ್ಚಿ ನೋಡಿ ಅರ್ಧ ವಾಪಸು ತರುತ್ತಾರೆ, ಆ ಮಾತು ಬೇರೆ.)

ಹೆಂಡತಿ ಉಮಾಮಹೇಶ್ವರಿಯ ದೂರೂ ಒಂದೇ. ಮದುವೆಯಾದಾಗಿನಿಂದ ಈ ಮನುಷ್ಯ ತನ್ನನ್ನು ಎಲ್ಲ ಕಡೆಗೂ ಕರೆದುಕೊಂಡು ಹೋಗಿದ್ದಾರೆ, ಏನನ್ನೂ ತೋರಿಸಿಲ್ಲ.

"ಹಂಪಿ ಹೆಂಗೈತೆ ಅಂತ ಯಾರಾದ್ರೂ ಕೇಳಿದ್ರೆ ಏನ್ ಹೇಳ್ಲಿ ನಾನು? ಗಾಡಿ ಕಿಟಕ್ಯಾಗ ಕಲ್ಲು ಕಂಡ್ವು ಅಂತ್ಲೇ?" ಎಂದು ಆಕೆ ಆಗಾಗ ಕೇಳುವುದುಂಟು.

ದಾವಣಗೆರೆ ಜಿಲ್ಲೆಯಾಗಿ ವರ್ಷ ದಾಟಿತ್ತು. ಜಿಲ್ಲೆಯಾದ ಮೇಲೆ ಮುರುಗೇಶಪ್ಪನವರ ನಡಿಗೆಯೂ ಜಿಲ್ಲಾ ಮಟ್ಟದ್ದಾಗಿತ್ತು. ತಾಲ್ಲೂಕು ಕೇಂದ್ರದವರು ಕೆರೆ ಕಾಲುವೆ ನೋಡಿಕೊಂಡು ಸುಮ್ಮನಿದ್ದರೆ ನಡೆದೀತು, ಜಿಲ್ಲಾ ಕೇಂದ್ರದವರು ಸಮುದ್ರ ನೋಡದಿದ್ದರೆ ಮರ್ಯಾದೆ ಏನು ಉಳಿಯಿತು? ಹಾಗಾಗಿ ಆ ಡಿಸೆಂಬರಿನಲ್ಲಿ ತಮ್ಮ ಮಾರುತಿ ವ್ಯಾನಿನಲ್ಲಿ ಕರಾವಳಿ ದಿಗ್ವಿಜಯ ಎಂದು ಘೋಷಿಸಿಯೇಬಿಟ್ಟರು. ಸಮುದ್ರವನ್ನು ಪಟದಲ್ಲಿ ಬಿಟ್ಟರೆ ಬೇರೆಲ್ಲೂ ಕಾಣದ ಉಮಾಮಹೇಶ್ವರಿಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ.

"ಒಂದ ಮಾತು ನಡೆಸಿಕೊಡ್ರಿ," ಎಂದಳು. "ಸಮುದ್ರದ ಮುಂದೆ ಹೊತ್ತು ಮುಳುಗಾತನಕ ಕುಂದ್ರಬೇಕು ನಾನು. ಮತ್ತೇನೂ ಕೇಳಾದಿಲ್ಲ."

"ಕುಂದುರ್ವಂತಿ ಬಿಡು," ಎಂದರು ಮುರುಗೇಶಪ್ಪ. ಅವರ ತಲೆ ಆಗಲೇ ಬೇರೆ ಕಡೆ ಓಡುತ್ತಿತ್ತು.

ಆ ವರ್ಷ ಅವರ ಕ್ಲಬ್ಬಿನವರು ಒಂದು ಆಟ ಆಡಿಸಿದ್ದರು. ಒಬ್ಬರು ಎಲ್ಲೋ ಡಬ್ಬಿ ಬಚ್ಚಿಟ್ಟು ಸುಳಿವಿನ ಚೀಟಿ ಕೊಡುವುದು, ಉಳಿದವರು ಗಾಡಿ ಹತ್ತಿ ಹುಡುಕುವುದು. ಆನಗೋಡಿನಿಂದ ಬಾತಿಯ ತನಕ ಧೂಳೆಬ್ಬಿಸಿ ಓಡಾಡಿದ ಮುರುಗೇಶಪ್ಪ ಮೂರನೇ ಬಹುಮಾನವೆಂದು ಒಂದು ಪ್ಲಾಸ್ಟಿಕ್ ಜಗ್ಗು ಗೆದ್ದು ತಂದಿದ್ದರು. (ಆಡಿದ್ದು ಮೂರೇ ಗಾಡಿ ಎಂಬ ಸಂಗತಿಯನ್ನು ಅವರ ಶತ್ರುಗಳು ಹೇಳುತ್ತಾರೆ.) ಇದೇ ಆಟವನ್ನು ಪ್ರವಾಸದಲ್ಲೂ ಆಡಿಸಿದರೆ? ಪ್ರತಿ ಊರಿನಲ್ಲೂ ಒಂದು ಡಬ್ಬಿ! ಮನೆಯವರು ಓಡಿ ಓಡಿ ಹುಡುಕುತ್ತಾರೆ, ಸಿಕ್ಕ ಕೂಡಲೇ ಗಾಡಿ ಹತ್ತುತ್ತಾರೆ. ಪ್ರೇಕ್ಷಣೀಯ ಸ್ಥಳಗಳ ಕಾಟ ಬೇಗ ಮುಗಿಯುತ್ತದೆ. ತಮ್ಮ ಬುದ್ಧಿಗೆ ತಾವೇ ತಲೆದೂಗಿ ಅವರು ಅಡುಗೆಮನೆಯಿಂದ ಒಂದು ಪುಟ್ಟ ಸ್ಟೀಲ್ ಡಬ್ಬಿ ಎತ್ತಿಕೊಂಡರು.

ಕೋಳಿ ಕೂಗುವ ಮೊದಲೇ ಗಾಡಿ ಹೊರಟಿತು. ಹಿಂದಿನ ಸೀಟಿನಲ್ಲಿ ಪಿಯುಸಿ ಓದುವ ಮಗಳು ವಾಣಿ, ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ. ಹರಿಹರದಲ್ಲಿ ಉಮಾಮಹೇಶ್ವರಿಯ ತಮ್ಮ ರುದ್ರಮುನಿ ಒಂದು ಚೀಲ ಮಂಡಕ್ಕಿ ಸಮೇತ ಹತ್ತಿಕೊಂಡ. ಅವನು ಹತ್ತಿದ ಕಡೆಗೆ ವ್ಯಾನು ಸ್ವಲ್ಪ ವಾಲಿತು. ಭಾವನಿಗೆ ತದ್ವಿರುದ್ಧದ ಪ್ರಾಣಿ ಅವನು, ಕುಂತರೆ ಏಳಲು ಮುಹೂರ್ತ ಬೇಕು.

ಮೊದಲ ಆಟ ಹರಿಹರೇಶ್ವರನ ಗುಡಿಯಲ್ಲೇ ನಡೆಯಿತು. ಒಂದು ಕಂಬದ ಹಿಂದೆ ಡಬ್ಬಿ ಇಟ್ಟು ಬಂದ ಮುರುಗೇಶಪ್ಪ, "ಹರಿಗೂ ಹರನಿಗೂ ನಡುವೆ ಐತೆ ನಿಧಿ! ಹುಡುಕ್ರಿ!" ಎಂದು ಸುಳಿವು ಸಾರಿದರು. ಸಾರುತ್ತಾ ಆ ಕಂಬವನ್ನೇ ನೋಡುತ್ತಿದ್ದರು. ವಾಣಿ ನಾಲ್ಕು ಹೆಜ್ಜೆ ನಡೆದು ಡಬ್ಬಿ ತಂದು ಕೈಗಿಟ್ಟಳು. ತೆಗೆದರೆ ಪೆಪ್ಪರ್‌ಮಿಂಟು.

"ಹತ್ರಿ ಹತ್ರಿ ಗಾಡಿ!"

ಜೋಗದಲ್ಲಂತೂ ನೀರು ಮೇಲಿಂದ ಬಿದ್ದು ಕೆಳಗೆ ಮುಟ್ಟುವಷ್ಟರಲ್ಲಿ "ಆಯ್ತಾ?" ಎಂದು ಕೇಳಿದರು. ಆದರೆ ಅಲ್ಲಿ ಡಬ್ಬಿಯನ್ನು ಹುಡುಕಲು ಒಬ್ಬರೂ ಮೇಲೇಳಲಿಲ್ಲ. ಮುರುಗೇಶಪ್ಪ ತಾವೇ ಬಚ್ಚಿಟ್ಟದ್ದನ್ನು ತಾವೇ ಹೋಗಿ ತರಬೇಕಾಯಿತು.

"ಪೆಪ್ಪರ್‌ಮಿಂಟಿಗೆ ಯಾರು ಬಗ್ತಾರೆ ಭಾವ? ಸೊಂಟ ಹಿಡೀತೈತೆ," ಎಂದ ರುದ್ರಮುನಿ ಮಂಡಕ್ಕಿ ಮುಕ್ಕುತ್ತಾ.

ಈ ಮಾತು ಮುರುಗೇಶಪ್ಪನವರಿಗೆ ನಾಟಿತು. ಘಾಟಿ ಇಳಿಯುವ ತನಕ ಹಲ್ಲು ಕಡಿಯುತ್ತಲೇ ಇದ್ದರು. ಇವರಿಗೆ ಬಗ್ಗುವಂಥ ನಿಧಿಯನ್ನೇ ಇಡುತ್ತೇನೆ, ನೋಡೋಣ!

ಹೊನ್ನಾವರ ದಾಟಿ ಗಾಳಿಮರಗಳ ತೋಪಿನ ಆಚೆ ಗಾಡಿ ನಿಂತಾಗ ಮಧ್ಯಾಹ್ನವಾಗಿತ್ತು. ಎದುರಿಗೆ ಸಮುದ್ರ. ಉಮಾಮಹೇಶ್ವರಿ ಬಾಗಿಲು ತೆಗೆದು ಇಳಿದಳು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟಳು, ಕಣ್ಣಲ್ಲಿ ನೀರು ಬಂದಿತ್ತು.

"ನೋಡಿದ್ಯಾ? ಇಷ್ಟ," ಎಂದರು ಮುರುಗೇಶಪ್ಪ. "ಗೋಕರ್ಣ ಬ್ಯಾರೆ ಐತೆ ಇನ್ನೂ."

ಉಮಾಮಹೇಶ್ವರಿ ಅದನ್ನು ಕೇಳಿಸಿಕೊಳ್ಳಲಿಲ್ಲ. ನೀರಿಗಿಳಿಯುವ ಮುನ್ನ ಕೊರಳಿನ ಚಿನ್ನದ ಬೋರಮಾಳ ಸರ ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿ ಗಂಡನ ಕೈಗೆ ಕೊಟ್ಟಳು. "ನಮ್ಮವ್ವಂದು ಇದು. ಜ್ವಾಪಾನ್ರೀ," ಎಂದಳು. ಆಕೆಯ ತಾಯಿ ಸಾಯುವ ಮುನ್ನ ತಮ್ಮ ಕೈಯಾರೆ ಮಗಳ ಕೊರಳಿಗೆ ಹಾಕಿದ ಸರ ಅದು. ಮುರುಗೇಶಪ್ಪನವರ ತಲೆಯಲ್ಲಿ ಆಗಲೇ ಗಂಟೆ ಹೊಡೆಯಿತು. ಇದಕ್ಕಿಂತ ದೊಡ್ಡ ನಿಧಿ ಬೇಕೆ? ಒಂದು ಗಳಿಗೆ ಬಚ್ಚಿಟ್ಟು "ಸರ ಡಬ್ಬ್ಯಾಗೈತೆ, ಹುಡುಕ್ರಿ" ಎಂದರೆ ರುದ್ರಮುನಿಯ ಸೊಂಟವೂ ಬಗ್ಗುತ್ತದೆ, ಅವನ ಅಪ್ಪನ ಸೊಂಟವೂ ಬಗ್ಗುತ್ತದೆ!

ಅತ್ತ ಇತ್ತ ನೋಡಿದರು. ಕೋಳಿ ಕಳ್ಳ ಕೂಡ ಅಷ್ಟು ಸಲ ಅತ್ತ ಇತ್ತ ನೋಡಲಿಕ್ಕಿಲ್ಲ. ನೀರಿನಿಂದ ತುಸು ಈಚೆಗೆ, ಒದ್ದೆ ಮರಳಿನಲ್ಲಿ ಮೊಣಕಾಲೆತ್ತರದ ಒಂದು ಕರಿ ಬಂಡೆ ಇತ್ತು. ಅದರ ಬುಡದಲ್ಲಿ ಡಬ್ಬಿ ಹೂತು, ಮೇಲೆ ಮರಳು ಸವರಿ, ಕೈ ಝಾಡಿಸಿಕೊಂಡು ಎಳನೀರಿನ ಅಂಗಡಿಯಲ್ಲಿ ಕೂತಿದ್ದ ರುದ್ರಮುನಿಯನ್ನು ಎಬ್ಬಿಸಲು ಹೋದರು. ರುದ್ರಮುನಿಯನ್ನು ಎಬ್ಬಿಸುವುದು ಸಣ್ಣ ಕೆಲಸವಲ್ಲ. ಅವನು ಎರಡನೇ ಎಳನೀರು ಮುಗಿಸಿ, ಗಂಜಿ ಕೆರೆಸಿ ತಿಂದು, ಮೂರನೆಯದರ ಬೆಲೆ ಚೌಕಾಸಿ ಮಾಡುತ್ತಿದ್ದ.

ಕೊನೆಗೆ ಅವನ ರಟ್ಟೆ ಹಿಡಿದು ಎಳೆದುಕೊಂಡು ಬಂದು ನೋಡುತ್ತಾರೆ, ಬಂಡೆ ಇಲ್ಲ!

ದಾವಣಗೆರೆಯವರ ಲೆಕ್ಕದಲ್ಲಿ ನೀರು ಎಂದರೆ ಇದ್ದಲ್ಲಿ ಇರುವಂಥದ್ದು. ಕುಂದುವಾಡ ಕೆರೆಯ ದಂಡೆಯ ಮೇಲೆ ಮಧ್ಯಾಹ್ನ ಬಿಟ್ಟ ಚಪ್ಪಲಿ ಸಂಜೆಗೂ ದಂಡೆಯ ಮೇಲೇ ಇರುತ್ತದೆ (ಯಾರೂ ಹಾಕಿಕೊಂಡು ಹೋಗದಿದ್ದರೆ). ಕಾಲುವೆಗೆ ನೀರು ಬಿಟ್ಟರೂ ಪೇಪರಿನಲ್ಲಿ ಹಾಕಿ ಬಿಡುತ್ತಾರೆ. ಯಾರ ಅಪ್ಪಣೆಯೂ ಇಲ್ಲದೆ ನೀರು ತಾನಾಗಿಯೇ ಎದ್ದು ಊರ ಕಡೆ ನಡೆದು ಬರುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

"ಉಬ್ಬರ ಅಪ್ಪಾ, ಇನ್ನೂ ಏರ್ತೈತೆ," ಎಂದಳು ವಾಣಿ. "ಯಾಕ, ಏನಾತು?"

"ಏನಿಲ್ಲ, ಏನಿಲ್ಲ. ಕಪ್ಪೆಚಿಪ್ಪು ಆರಿಸಾಣ ಅಂತ," ಎಂದು ಅಂಗಿ ಬಿಚ್ಚಿ ಗಾಳಿಮರಕ್ಕೆ ಸಿಕ್ಕಿಸಿ ಮುರುಗೇಶಪ್ಪ ನೀರಿಗಿಳಿದರು.

ಆಮೇಲೆ ನಡೆದದ್ದನ್ನು ಹೇಳಿದರೆ ಶತ್ರುವಿಗೂ ಅಯ್ಯೋ ಎನಿಸಬೇಕು. ಅವರು ಮುಳುಗಿದರು, ಎದ್ದರು, ತಡಕಿದರು. ಬಂಡೆ ಸಿಕ್ಕಿತು ಎಂದು ತಬ್ಬಿಕೊಂಡರೆ ಅದು ಬೇರೆ ಬಂಡೆ. ಒಂದು ಅಲೆ ಅವರನ್ನು ದಂಡೆಗೆ ಎಸೆದರೆ ಇನ್ನೊಂದು ಬಂದು ಪಂಚೆ ಹಿಡಿದು ಎಳೆಯಿತು. ಬಾಯಿಗೆ ಹೋದ ಉಪ್ಪು ನೀರಿನಲ್ಲಿ ಒಂದು ವರ್ಷದ ಉಪ್ಪಿನಕಾಯಿ ಹಾಕಬಹುದಿತ್ತು. ಹರಿಹರೇಶ್ವರನಿಗೆ ಹರಕೆ ಹೊತ್ತರು, ನಂದಿಗುಡಿಯ ಮಠಕ್ಕೆ ಒಂದು ಚೀಲ ಅಕ್ಕಿಯ ಹರಕೆ ಹೊತ್ತರು. ಸತ್ತ ಅತ್ತೆಯನ್ನೂ ನೆನೆದು, "ಅತ್ತೀ, ಬದುಕಿದ್ದಾಗ ನಿಮ್ಮನ್ನ ಆಡಿಕೊಂಡಿದ್ದು ತಪ್ಪಾತು, ಸರ ಕೊಡಿಸ್ರಿ," ಎಂದು ಬೇಡಿಕೊಂಡರು.

ದಂಡೆಯ ಮೇಲೆ ಉಮಾಮಹೇಶ್ವರಿ ಚಾಪೆ ಹಾಸಿಕೊಂಡು ಕಾಲು ಚಾಚಿ ಕೂತಿದ್ದಳು. ಆಗೊಮ್ಮೆ ಈಗೊಮ್ಮೆ, "ಇನ್ನಾ ಆರಿಸ್ರಿ, ಚಿಪ್ಪು ಚಂದ ಅದಾವು!" ಎಂದು ಕೂಗುತ್ತಿದ್ದಳು. ಆ ದನಿ ಕೇಳಿದಾಗಲೆಲ್ಲ ಅವರು ಮತ್ತೊಮ್ಮೆ ಮುಳುಗುತ್ತಿದ್ದರು.

ಹೊತ್ತು ಇಳಿಯಿತು. ಇನ್ನು ಆಗದು ಎನಿಸಿ ಮುರುಗೇಶಪ್ಪ ನಡುಗುತ್ತಾ ಬಂದು ಹೆಂಡತಿಯ ಎದುರು ಕುಸಿದರು. ಮೀಸೆಯಲ್ಲಿ ಪಾಚಿ, ಕಿವಿಯಲ್ಲಿ ಮರಳು.

"ಉಮಾ... ನಿಮ್ಮವ್ವನ ಸರ... ನಾನು ಮುಠ್ಠಾಳ. ಡಬ್ಬ್ಯಾಗ ಹಾಕಿ ಹೂತಿಟ್ಟೆ. ಸಮುದ್ರ ನುಂಗಿಬಿಡ್ತು. ಏನಾರ ಬೈಯಿ, ಆದ್ರ ಮಾತಾಡದೆ ಕುಂದ್ರಬ್ಯಾಡ," ಎಂದು ಅತ್ತೇಬಿಟ್ಟರು.

ಉಮಾಮಹೇಶ್ವರಿ ಬೈಯಲಿಲ್ಲ. ಕತ್ತಿನ ಬಳಿಯ ಸೆರಗು ಸರಿಸಿದಳು. ಬೋರಮಾಳ ಸರ ಇಳಿಬಿಸಿಲಿನಲ್ಲಿ ತಣ್ಣಗೆ ಹೊಳೆಯಿತು.

"ನೀವು ಹೂತಿಟ್ಟು ಆಕಡೆ ತಿರುಗಿದ ಕೂಡ್ಲೆ ಅಗೆದು ತಗಂಡೆ. ಇಷ್ಟು ವರ್ಷ ಸಂಸಾರ ಮಾಡೀನಿ, ನಿಮ್ಮ ಕೈಗೆ ಸರ ಕೊಟ್ಟು ಕಣ್ಣು ಮುಚ್ಚಿಕೊಂಡಿರ್ತೀನಾ?"

"ಮತ್ತೆ... ಮತ್ತೆ ಆವಾಗ್ಲೇ ಹೇಳಾಕೇನಾಗಿತ್ತು? ಸಾಯ್ತಿದ್ನಲ್ಲೇ!"

"ಹೇಳಾಣ ಅಂತ್ಲೇ ಎದ್ದಿದ್ದೆ," ಎಂದಳು ಉಮಾಮಹೇಶ್ವರಿ. "ಆದ್ರ ನಮ್ಮ ಮದುವ್ಯಾದಾಗಿಂದ ನೀವು ಒಂದ ಕಡೆ ಇಷ್ಟು ಹೊತ್ತು ನಿಂತಿದ್ದು ಇವತ್ತೇ ನೋಡ್ರಿ. ಹೇಳಿ ಕೆಡಿಸಾಕ ಮನಸ್ಸು ಬರ್ಲಿಲ್ಲ. ಅಲೆ ನೋಡಿದೆ, ಹಡಗು ನೋಡಿದೆ, ಹಕ್ಕಿ ನೋಡಿದೆ. ನಡುನಡುವೆ ನಿಮ್ಮನ್ನೂ ನೋಡಿದೆ."

ರುದ್ರಮುನಿ ಮಂಡಕ್ಕಿಯ ಚೀಲದೊಳಗೆ ಮುಖ ಹುದುಗಿಸಿ ನಗುತ್ತಿದ್ದ. ಮುರುಗೇಶಪ್ಪನವರಿಗೆ ಹೋದ ಜೀವ ಬಂತು, ಬಂದ ಜೀವದ ಜೊತೆ ಸಿಟ್ಟೂ ಬಂತು, ಸಿಟ್ಟಿನ ಹಿಂದೆಯೇ ಅವಸರವೂ ಬಂತು.

"ಆತಲ್ಲ, ನಕ್ಕಿದ್ದು ಮುಗೀತಲ್ಲ? ಹತ್ರಿ ಗಾಡಿ! ಕತ್ತಲಾಗದ್ರೊಳಗ ಗೋಕರ್ಣ ಮುಟ್ಟಬೇಕು," ಎನ್ನುತ್ತಾ ಮರದಲ್ಲಿದ್ದ ಅಂಗಿ ಎಳೆದುಕೊಂಡು ಜೇಬಿಗೆ ಕೈ ಹಾಕಿದರು. ಎಡ ಜೇಬು, ಬಲ ಜೇಬು, ಮತ್ತೆ ಎಡ ಜೇಬು. ಗಾಡಿಯ ಕೀಲಿಕೈ ಇಲ್ಲ!

"ಡಬ್ಬಿ ಖಾಲಿ ಆಗಿತ್ತಲ್ರಿ," ಎಂದಳು ಉಮಾಮಹೇಶ್ವರಿ ಸಮುದ್ರದ ಕಡೆಯಿಂದ ಕಣ್ಣು ತೆಗೆಯದೆ. "ಸುಮ್ನೆ ಯಾಕ ಅಂತ ಕೀಲಿಕೈ ಹಾಕಿ ಬಚ್ಚಿಟ್ಟೀವಿ. ಸುಳಿವು ಬೇಕಾ?"

"ಹೇಳು! ಲಗೂನ ಹೇಳು!"

"ಮೊದಲ್ನೇದು, ಇಲ್ಲಿ ಕೂಡ್ರಿ." ಚಾಪೆಯ ಮೇಲೆ ತನ್ನ ಪಕ್ಕಕ್ಕೆ ಕೈ ತಟ್ಟಿದಳು.

ಬೇರೆ ದಾರಿ ಕಾಣದೆ ಕೂತರು. ಕೂತರೂ ಕಾಲು ಕುಣಿಯುತ್ತಿತ್ತು. ಉಮಾಮಹೇಶ್ವರಿ ಆ ಮೊಣಕಾಲ ಮೇಲೆ ಕೈಯಿಟ್ಟು ಅದುಮಿ ಹಿಡಿದಳು. ಸೂರ್ಯ ಮಾತ್ರ ಯಾರ ಅವಸರಕ್ಕೂ ಕಿವಿಗೊಡದೆ ರುದ್ರಮುನಿಯಷ್ಟೇ ಸಾವಕಾಶವಾಗಿ ಇಳಿದ. ನೀರೆಲ್ಲ ಕೆಂಪಾಯಿತು. ಚಂದವಾಗಿಯೇ ಇತ್ತು ಎಂದು ಮುರುಗೇಶಪ್ಪನವರಿಗೂ ಅನಿಸಿತು, ಬಾಯಿಬಿಟ್ಟು ಹೇಳಲಿಲ್ಲ. ಕೊನೆಯ ಚೂರು ನೀರಿನೊಳಗೆ ಹೋದದ್ದೇ ತಡ, ಸ್ಪ್ರಿಂಗಿನಂತೆ ಮೇಲೆದ್ದರು.

"ಮುಳುಗ್ತು! ಎರಡನೇ ಸುಳಿವು ಹೇಳೀಗ!"

"ಎರಡನೇದು ವಾಣಿ ಹತ್ರ ಐತೆ ನೋಡ್ರಿ," ಎಂದಳು ಉಮಾಮಹೇಶ್ವರಿ.

ಮುರುಗೇಶಪ್ಪ ಸುತ್ತ ಕಣ್ಣು ಹಾಯಿಸಿದರು. ವಾಣಿ ಮತ್ತು ರುದ್ರಮುನಿ ದಂಡೆಗುಂಟ ನಡೆಯುತ್ತಾ ಹೋಗಿ ಎಷ್ಟೋ ದೂರದಲ್ಲಿ ಎರಡು ಇರುವೆಗಳಷ್ಟಾಗಿದ್ದರು. ಜೀವಮಾನದಲ್ಲಿ ಮೊದಲ ಸಲ ರುದ್ರಮುನಿ ತಾನಾಗಿಯೇ ಎದ್ದು ನಡೆಯುತ್ತಿದ್ದ, ಅವನಿಗೆ ವಾಪಸು ಬರುವ ಯಾವ ಅವಸರವೂ ಇದ್ದಂತೆ ಕಾಣಲಿಲ್ಲ.