ಕೂಮನ ಸೊಂಟಕ್ಕೆ ತಕ್ಕ ಜೀಪು

ವಿತೋಮಿರನ ಮಗಳ ಜ್ಞಾನಸ್ನಾನಕ್ಕೆ ಎಲ್ಲವೂ ಸಿದ್ಧವಿತ್ತು, ಕೂಮನ ಸೊಂಟವೊಂದನ್ನು ಬಿಟ್ಟು. ನಮ್ಮ ಕಡೆ ಮಗುವನ್ನು ಎತ್ತಿ ಹಿಡಿಯುವವನು ಕೂಮ. ಅವನಿಲ್ಲದೆ ಪಾದ್ರಿ ನೀರು ಮುಟ್ಟುವುದಿಲ್ಲ, ಅವನ ಮಾತಿಗೆ ಯಾರೂ ಎದುರಾಡುವುದಿಲ್ಲ. ಈ ಮನೆಯ ಕೂಮ, ಕಣ್ಣು ಮಂಜಾದ ಮುದುಕ ಸ್ತೊಯಾದಿನ್, ಕೆಳಗಿನ ಊರಿನಿಂದ ಹೇಳಿಕಳಿಸಿದ್ದ: "ನಿಮ್ಮ ಬೆಟ್ಟದ ದಾರೀಲಿ ಜೀಪು ಕುಲುಕಿದ್ರೆ ನಾನು ಬರಲ್ಲ!"

ವಿತೋಮಿರ ಬೆಳಿಗ್ಗೆಯೇ ಜೀಪಿನಡಿ ನುಸುಳಿದ. ಶಾಕ್ ಅಬ್ಸಾರ್ಬರಿನ ತಿರುಪು ಸಡಿಲಿಸುವುದು, ಓಡಿಸಿ ನೋಡುವುದು. ನಮ್ಮೂರಿನ ಪರೀಕ್ಷೆ ಒಂದೇ: ಪಕ್ಕದ ಸೀಟಿನವನ ಕೈಯಲ್ಲಿ ಅಂಚಿನವರೆಗೆ ರಕಿಯಾ, ಅಂದರೆ ಪ್ಲಮ್ ಹಣ್ಣಿನ ಸಾರಾಯಿ, ತುಂಬಿದ ಗ್ಲಾಸು. ಚೆಲ್ಲಿದರೆ ಮತ್ತೆ ತುಂಬಬೇಕು, ಚೆಲ್ಲದಿದ್ದರೆ ಕುಡಿಯಬೇಕು. ಪರೀಕ್ಷಕರಿಗೆ ಬರವೇ?

"ಇಷ್ಟು ಮೆತ್ತಗಾದ್ರೆ ತಿರುವಲ್ಲಿ ದೋಣಿ ಥರ ಹೊಯ್ದಾಡುತ್ತೆ ಮಾರಾಯ!" ಎಂದು ಎದುರುಮನೆಯ ರಾದೊಯ್ಕೊ ತಿರುಪು ಬಿಗಿದ.

"ನಿನ್ನ ತಲೆ! ಮುದುಕ ಎಗರಿ ಚಾವಣಿಗೆ ಬಡ್ಕೊತಾನೆ," ಎಂದು ಪಕ್ಕದ ಮನೆಯ ಮಿಲುಂಕಾ ಮತ್ತೆ ಸಡಿಲಿಸಿದಳು.

ವಿತೋಮಿರನ ತಾಳ್ಮೆಗೆ ಕೈಮುಗಿಯಬೇಕು! ಎಲ್ಲರಿಗೂ ಹೂಂಗುಟ್ಟಿ, ತಾನು ಒಂದು ಹನಿಯೂ ಮುಟ್ಟದೆ, ಪ್ರತಿ ಸಲವೂ ಕೆಳಗೆ ನುಸುಳಿ ಸರಿಮಾಡಿದ. ಕೊನೆಗೆ ಹಳ್ಳದ ಕಲ್ಲುಗಳ ಮೇಲೆ ಹಾದರೂ ಗ್ಲಾಸು ತುಳುಕಲಿಲ್ಲ.

ರಾದೊಯ್ಕೊ ಟೋಪಿ ತೆಗೆದ. "ಭಲೇ! ಇದು ಜೀಪಲ್ಲಪ್ಪಾ, ತೊಟ್ಟಿಲು!"

ಕೆಳಗಿನ ಊರಿಂದ ಕರೆತರುವಾಗ ಕೂಮ ಮೊದಲ ತಿರುವಿನಲ್ಲೇ ಗೊರಕೆ ಹೊಡೆದ. ಚರ್ಚಿನೆದುರು ಜೀಪು ನಿಂತಾಗ ಎಚ್ಚರವಾಗಿ ಸೊಂಟ ಮುಟ್ಟಿಕೊಂಡ.

"ಬಂದ್ವಿ ಕೂಮಾ, ಇಳೀರಿ."

"ಎಲ್ಲಿಗೆ?"

"ನಮ್ಮೂರ ಚರ್ಚಿಗೆ."

"ಯಾರಿಗೆ ಹೇಳ್ತೀಯೋ? ನಿಮ್ಮೂರಿಗೆ ಬಂದಿದ್ರೆ ನನ್ನ ಸೊಂಟಕ್ಕೆ ಗೊತ್ತಾಗ್ತಿರಲಿಲ್ವಾ? ಬೆಟ್ಟ ಹತ್ತೋಕಾಗದೆ ಯಾವುದೋ ಬಯಲೂರಿಗೆ ತಂದಿದೀಯ. ಕುರುಡ ಅಂತ ಮೋಸ ಮಾಡ್ತೀಯಾ? ನಿನ್ನನ್ನ ಎತ್ಕೊಂಡಿದ್ದು ನಿಮ್ಮೂರ ಚರ್ಚಲ್ಲಿ, ನಿನ್ನ ಮಗಳನ್ನೂ ಅಲ್ಲೇ!"

ಪಾದ್ರಿ ಆಣೆಯಿಟ್ಟರು, ವಿತೋಮಿರನ ಹೆಂಡತಿ ಅತ್ತಳು. ಮುದುಕ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

ವಿತೋಮಿರ ಅವನನ್ನು ಕೂರಿಸಿಕೊಂಡೇ ಮತ್ತೆ ಬೆಟ್ಟ ಇಳಿದ. ಕೆಳಗೆ ನಾಲ್ಕೂ ತಿರುಪುಗಳನ್ನು ಪೂರ್ತಿ ಬಿಗಿದು ಮತ್ತೆ ಮೇಲಕ್ಕೆ ಹೊರಟ.

"ಅಯ್ಯಯ್ಯೋ... ಹಾಂ, ಇದು ಹಳ್ಳ! ಅಮ್ಮಾ... ಇದು ಮಿಲುಂಕಾ ಮನೆ ತಿರುವು!" ಪ್ರತಿ ಕಲ್ಲಿಗೂ ಕೂಮನ ಮುಖ ಅರಳುತ್ತಿತ್ತು. ಚರ್ಚು ತಲುಪಿದಾಗ ವಿತೋಮಿರನ ಬೆನ್ನು ತಟ್ಟಿದ. "ಈಗ ನೋಡು ಬಂದ್ವಿ! ಎಲ್ಲಿ ನನ್ನ ಬಂಗಾರಿ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಕೂಮ ಒಂದು ಕಾಲು ಹೊರಗಿಟ್ಟ, ಅರ್ಧ ಎದ್ದ, ಅಲ್ಲೇ ನಿಂತುಬಿಟ್ಟ.

"ವಿತೋಮಿರ್," ಎಂದ ಹಲ್ಲು ಕಚ್ಚಿ, "ಸೊಂಟ ಹಿಡ್ಕೊಳ್ತಪ್ಪಾ. ಇವತ್ತು ಮಗು ಎತ್ತೋಕಾಗಲ್ಲ, ಮನೆಗೆ ಬಿಟ್ಬಿಡು. ಆಗ ಮೊದಲನೇ ಸಲ ಕರ್ಕೊಂಡು ಬಂದ್ಯಲ್ಲ, ಹಾಗೇ ಕರ್ಕೊಂಡು ಹೋಗು!"