ದೇಹದ ಹೆಚ್ಚುವರಿ ಪ್ರಭಾರ

ನಿವೃತ್ತ ನೌಕರರ ಸಂಘವು ಡೋಲಿನ ಸದ್ದಿಗೆ ಆತ್ಮವನ್ನು ದೇಹದಿಂದ ಪಯಣಕ್ಕೆ ಕಳಿಸುವ ಶಾಮನ್ ಸಾಧನೆ ಆರಂಭಿಸಿದಂದಿನಿಂದ ಒಬ್ಬ ಸದಸ್ಯರ ಆತ್ಮ ಮಾತ್ರ ಸ್ವಸ್ಥಾನಕ್ಕೆ ಮರಳಿರುವುದಿಲ್ಲ. ಆ ಸದಸ್ಯ ನಾನೇ ಎಂದು ತಿಳಿಸಲು ಹರ್ಷವಾಗುತ್ತದೆ. ಸಾಧನೆ ಶುರು ಮಾಡುವುದು ಹೇಗೆ, ಗಾಢವಾಗಿಸಿಕೊಳ್ಳುವುದು ಹೇಗೆ ಎಂದು ಕೇಳುವ ಹೊಸಬರಿಗಾಗಿ ಈ ನಾಲ್ಕು ಮಾತು.

ಶುರು ಮಾಡುವುದು ಸುಲಭ. ಸಂಘದ ಕೋಣೆಯಲ್ಲಿ ಕೇರಂ ಬೋರ್ಡನ್ನು ಗೋಡೆಗೆ ಒರಗಿಸಿ, ಚಾಪೆ ಹಾಸಿ ಮಲಗಬೇಕು. ಕಾರ್ಯದರ್ಶಿಗಳ ಸೊಸೆ ಒಂದೇ ಸಮನೆ ಡೋಲು ಬಡಿಯುತ್ತಾಳೆ. ಕಣ್ಣು ಮುಚ್ಚಿ ಒಂದು ಬಿಲ ಕಲ್ಪಿಸಿಕೊಂಡು ಇಳಿದರೆ ಕೆಳಲೋಕ. ಅಲ್ಲೊಂದು ಪ್ರಾಣಿ ಕಾದಿರುತ್ತದೆ. ಅದೇ ನಿಮ್ಮ ಮಾರ್ಗದರ್ಶಿ.

ಆದರೆ ನಾವೆಲ್ಲ ಕಚೇರಿಯಲ್ಲೇ ಕೂದಲು ಹಣ್ಣಾಗಿಸಿಕೊಂಡವರು. ಆತ್ಮ ಹೊರಟಿತೆಂದರೆ ದೇಹ ಖಾಲಿ ಹುದ್ದೆ. ಹುದ್ದೆ ಖಾಲಿ ಬಿಡುವುದುಂಟೆ? ಮೊದಲ ಸಭೆಯಲ್ಲೇ ನಿಯಮ ಅಂಗೀಕಾರವಾಯಿತು: "ಪಯಣಕ್ಕೆ ಹೊರಡುವ ಆತ್ಮವು ತನ್ನ ದೇಹವನ್ನು ಪಕ್ಕದ ಚಾಪೆಯವರಿಗೆ ಹೆಚ್ಚುವರಿ ಪ್ರಭಾರವಾಗಿ ವಹಿಸತಕ್ಕದ್ದು. ಮಾರ್ಗದರ್ಶಿ ಪ್ರಾಣಿಯಿಂದ ಬಿಡುಗಡೆ ಆದೇಶ ತಂದು ತೋರಿಸಿದ ಹೊರತು ವಾಪಸು ಕೇಳತಕ್ಕದ್ದಲ್ಲ."

ನನ್ನ ಪಕ್ಕದ ಚಾಪೆ 'ಆಕ್ಷೇಪಣೆ'ಯವರದು. ಲೆಕ್ಕ ತಪಾಸಣೆಯಲ್ಲಿದ್ದವರು, ಆ ಹೆಸರು ಅಲ್ಲಿಂದಲೇ ಅಂಟಿದ್ದು. ಅವರ ಮಂಡಿಗಳು ಕೈಕೊಟ್ಟು ಬಹಳ ಕಾಲವಾಗಿತ್ತು. ನನ್ನ ಮಂಡಿಗಳೋ, ಹೇಳಿಕೊಳ್ಳಬಾರದು, ನೋಡುವಂಥವು.

ಕೆಳಗೆ ನನಗೆ ಸಿಕ್ಕಿದ್ದು ಮುಂಗುಸಿ. ಹುಲಿಯ ಆಸೆಯಿತ್ತು, ಇರಲಿ. ಒಂದಿಷ್ಟು ಹರಟಿ ಮೇಲೆ ಬಂದರೆ, ಆಕ್ಷೇಪಣೆಯವರು ನನ್ನ ದೇಹ ಹೊಕ್ಕು ಸಂಘದ ಮೆಟ್ಟಿಲನ್ನು ಸುಮ್ಮಸುಮ್ಮನೆ ಹತ್ತಿ ಇಳಿಯುತ್ತಿದ್ದಾರೆ.

"ಸ್ವಾಮಿ, ಬಿಟ್ಟುಕೊಡಿ" ಎಂದೆ.

"ಬಿಡುಗಡೆ ಆದೇಶ?"

"ಕಣ್ಣೆದುರಿಗೇ ಇದೀನಲ್ರೀ."

"ನೀವು ಕಾಣಿಸ್ತಾನೇ ಇಲ್ಲ. ಅದು ಇನ್ನೊಂದು ಆಕ್ಷೇಪಣೆ."

ತಪ್ಪೇನಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಮತ್ತೆ ಇಳಿದೆ.

ಮುಂಗುಸಿ ಮೀಸೆ ಒರೆಸಿಕೊಂಡಿತು. "ಕೊಡಬಹುದಿತ್ತು. ಆದ್ರೆ ನಾನೀಗ ರಜೆ ಮೇಲೆ ಹೊರಟಿದೀನಿ. ಬದಲಿ ಯಾರೂ ಸಿಗದೆ ಇಷ್ಟು ಕಾಲ ರಜೆಯೇ ಸಿಕ್ಕಿರಲಿಲ್ಲ. ಈಗ ನೀವು ಇದೀರಲ್ಲ" ಎಂದು ತನ್ನ ದೇಹವನ್ನು ಬಾಲಸಮೇತ ನನಗೆ ವಹಿಸಿ ಹೊರಟೇಹೋಯಿತು.

ಈಗ ಪ್ರಭಾರಿ ಮುಂಗುಸಿ ನಾನೇ ಆದ್ದರಿಂದ, ನನ್ನ ಆದೇಶವನ್ನು ನಾನೇ ಹೊರಡಿಸಬಹುದೇ? ಪಯಣಕ್ಕೆ ಬಂದಿದ್ದ ಕಾರ್ಯದರ್ಶಿಗಳನ್ನು ತಡೆದು ಕೇಳಿದೆ. "ತನ್ನ ಬಿಡುಗಡೆ ತಾನೇ ಮಾಡ್ಕೊಳ್ಳೋದು ಅಂದ್ರೇನು ಸಾರ್, ನಾಳೆ ಎಲ್ಲರೂ ಶುರು ಹಚ್ಕೋತಾರೆ" ಎಂದರು. ಒಪ್ಪತಕ್ಕ ಮಾತು.

ಉಳಿದದ್ದು ಮನೆಯವಳ ಚಿಂತೆ. ನನ್ನ ದೇಹ ನನಗೆ ಸಿಗಲೇಬೇಕೆಂದು ಅವಳಾದರೂ ಸಂಘದಲ್ಲಿ ಗಲಾಟೆ ಮಾಡಿಯಾಳೆಂಬ ನಂಬಿಕೆಯಿತ್ತು. ಕಳೆದ ಭಾನುವಾರ ಬಿಲದ ಬಾಯಲ್ಲಿ ಅವಳೇ ಕಾಣಿಸಿಕೊಂಡಳು.

"ರೀ, ಇದು ನೀವೇನಾ?"

"ಪ್ರಭಾರದಲ್ಲಿ ಕಣೇ."

"ತಲೆಯಾದ್ರೂ ಬಾಚ್ಕೋಬಾರದಾ."

"ಮನೇಲಿ ಆಕ್ಷೇಪಣೆಯವರು ಹೇಗಿದಾರೆ?"

"ತಿಂದ ತಟ್ಟೆ ಅವರೇ ತೊಳೀತಾರೆ. ಮಾತಾಡಿದ್ರೆ ಕೇಳಿಸ್ಕೋತಾರೆ. ಗೊರಕೆ ಮಾತ್ರ ನಿಮ್ಮದೇ."

"ಆದೇಶ ಬಂದ ಕೂಡಲೇ ಬಂದ್ಬಿಡ್ತೀನಿ."

"ಬನ್ನಿ ಬನ್ನಿ. ಅವಸರ ಏನಿಲ್ಲ."

ಡೋಲು ವಾಪಸು ಕರೆಯುವ ಗತಿಗೆ ತಿರುಗಿತು. ಅವಳು ಹೊರಡಲಿಲ್ಲ.

"ನಿನ್ನ ದೇಹ ಯಾರಿಗೆ ವಹಿಸಿ ಬಂದೆ?" ಎಂದೆ.

"ಅಕ್ಕನಿಗೆ. ನೆಂಟರು ಬರೋರಿದಾರೆ, ಅಡುಗೆ ಅವಳೇ ನೋಡ್ಕೋತಾಳೆ" ಎಂದು ನನ್ನ ಬಾಲದ ಮೇಲೆ ಒರಗಿ ಕಾಲು ಚಾಚಿದಳು. "ನಿಮ್ಮ ಮುಂಗುಸಿಗೆ ಜೋಡಿ ಯಾರಾದ್ರೂ ಇದಾರಾ, ರಜೆ ಬೇಕು ಅನ್ನೋರು?"