ಸೇವೆಯ ಜೊತೆಗೊಂದು ಸಾಮಾನು

ಈಗ ಕೆಲಸ ಮಾಡಿಕೊಟ್ಟು ಸುಮ್ಮನೆ ಕಳಿಸುವವರು ಯಾರೂ ಇಲ್ಲ. ಕೂದಲು ಕತ್ತರಿಸುವವನು ಎಣ್ಣೆಯ ಬಾಟಲಿ ಮಾರುತ್ತಾನೆ, ಯೋಗ ಕಲಿಸುವವರು ಚಾಪೆ ಮಾರುತ್ತಾರೆ. ನನ್ನ ಗಂಡ ಕಾಯಿಲೆ ಬಿದ್ದು ತೀರಿಕೊಂಡ ದಿನಗಳಲ್ಲಿ ನಮ್ಮ ಕಾಪುವಿನ ಮನೆಗೂ ಇಂಥ ಸಾಮಾನುಗಳು ಬಂದವು.

ಹಗ್ಗ

ಮಣಿಪಾಲದ ಒಂದು ಲ್ಯಾಬಿನಲ್ಲಿ ಇವರ ರಕ್ತ ಪರೀಕ್ಷೆ ಮಾಡಿಸಿದೆವು. ವರದಿ ಒಳ್ಳೆಯದಿರಲಿಲ್ಲ. ಕೌಂಟರಿನ ಹುಡುಗಿ ಅದರೊಂದಿಗೆ ಒಂದು ಚೀಲವನ್ನೂ ಕೊಟ್ಟಳು.

"ಪ್ಯಾಕೇಜಿನಲ್ಲಿ ಇದೂ ಉಂಟು ಸರ್."

ಒಳಗೆ ಸ್ಕಿಪ್ಪಿಂಗ್ ಹಗ್ಗ. ಆ ಲ್ಯಾಬಿನ ಮೆಟ್ಟಿಲನ್ನೇ ಇವರು ನಡುವೆ ಕೂತು ಕೂತು ಹತ್ತಿದ್ದರು. ಹುಡುಗಿಗೆ ನಮ್ಮ ಮುಖ ನೋಡಿ ಪಾಪ ಅನಿಸಿರಬೇಕು.

"ಬೇಡವಾದರೆ ಬದಲಾಯಿಸಿ ಕೊಡುತ್ತೇವೆ ಸರ್."

"ಯಾವುದನ್ನು," ಎಂದು ಇವರು ಕೇಳಿದರು, "ವರದಿಯನ್ನಾ?"

ಡಬ್ಬಿ

ಉತ್ತರಕ್ರಿಯೆಯ ಊಟಕ್ಕೆ ಕಾರ್ಕಳದ ಅಡುಗೆಯವರಿಗೆ ಹೇಳಿದೆವು. ಅವರು ಈಗ ಅಡುಗೆ ಮಾತ್ರವಲ್ಲ, ಬಂದವರಿಗೆ ಹಂಚಲು ಸಿಹಿಯ ಡಬ್ಬಿಯನ್ನೂ ಮಾಡುತ್ತಾರೆ. ಮಾದರಿ ತಂದು ತೋರಿಸಿದರು. ಮುಚ್ಚಳದ ಮೇಲೆ ಹೊಳೆಯುವ ಅಕ್ಷರ: 'ನಿಮ್ಮ ಮುಂದಿನ ಸಮಾರಂಭಕ್ಕೂ ನಾವೇ.'

ಇವರ ಅಕ್ಕ ಕನ್ನಡಕ ಏರಿಸಿ ಓದಿದರು. "ಮುಂದಿನದ್ದು ಯಾರದ್ದು ಮಾರಾಯ?"

ಅಡುಗೆಯವರು ತಗ್ಗಿದ ದನಿಯಲ್ಲಿ ಹೇಳಿದರು: "ಅದನ್ನು ನೀವು ಮನೆಯವರು ತೀರ್ಮಾನಿಸಬೇಕು ಅಕ್ಕ."

ಗಡಿಯಾರ

ನನಗೆ ಬೇಕಾದದ್ದು ಒಂದೇ. ಉತ್ತರಕ್ರಿಯೆಯ ದಿನ ಕುರ್ಚಿಯ ಮೇಲಿಟ್ಟು ಹಾರ ಹಾಕಲು ಇವರ ಒಂದು ಫೋಟೋ. ಮನೆಯಲ್ಲಿ ಎಲ್ಲರ ಫೋಟೋ ತೆಗೆಯುತ್ತಿದ್ದವರು ಇವರೇ ಆದ್ದರಿಂದ ಇವರದ್ದು ಸರಿಯಾಗಿ ಇದ್ದದ್ದು ಒಂದು ಮಾತ್ರ. ಕ್ಷೌರ ಮಾಡಿಕೊಂಡ ನುಣುಪು ಮುಖ, ಸಣ್ಣ ನಗು. ಅದನ್ನು ಹಿಡಿದುಕೊಂಡು ಉಡುಪಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಸ್ಟುಡಿಯೋಗೆ ಹೋದೆ.

"ಬರೀ ಫೋಟೋ ಈಗ ಮಾಡುವುದಿಲ್ಲ ಟೀಚರ್. ಮಗ್ ಉಂಟು. ಬಿಸಿ ಚಾ ಹೊಯ್ದರೆ ಮುಖ ಕಾಣುತ್ತದೆ, ತಣಿದರೆ ಮಾಯ."

"ತಣಿದು ಮಾಯವಾದದ್ದು ಒಮ್ಮೆ ಸಾಕು," ಎಂದೆ.

"ಹಾಗಾದರೆ ಗಡಿಯಾರ. ಡಯಲ್ ತುಂಬಾ ಅವರ ಮುಖವೇ ದೊಡ್ಡದಾಗಿ ಬರುತ್ತದೆ."

"ಮುಳ್ಳು ತೆಗೆದು ಕೊಡಬಹುದಾ?"

"ತೆಗೆದರೆ ವಾರಂಟಿ ಹೋಗುತ್ತದೆ ಟೀಚರ್."

ಬೇರೆ ಕಡೆ ಹುಡುಕಲು ಸಮಯವಿರಲಿಲ್ಲ. ಗಡಿಯಾರವನ್ನೇ ತಂದೆ. ಉತ್ತರಕ್ರಿಯೆಯ ಬೆಳಿಗ್ಗೆ ಕುರ್ಚಿಯ ಮೇಲಿಟ್ಟು, ಹಾರ ಹಾಕಿ, ದೀಪ ಹಚ್ಚಿದೆವು. ಎಲ್ಲರೂ ಮೌನವಾಗಿ ನಿಂತಾಗ ಟಿಕ್ ಟಿಕ್ ಸದ್ದು ಕೇಳಿಸತೊಡಗಿತು. ಇವರ ಅಕ್ಕನಿಗೆ ತಡೆಯಲಾಗಲಿಲ್ಲ.

"ಸತ್ತವನು ಹೀಗೆ ಶಬ್ದ ಮಾಡಬಾರದು," ಎಂದು ಹಿಂದಿನಿಂದ ಬ್ಯಾಟರಿ ಕಿತ್ತು ಸೆರಗಿಗೆ ಕಟ್ಟಿಕೊಂಡರು.

ಆಗ ಗಂಟೆ ಒಂಬತ್ತೂ ಕಾಲು. ಮುಳ್ಳುಗಳ ಬುಡ ಇದ್ದದ್ದು ಸರಿಯಾಗಿ ಮೂಗಿನ ಕೆಳಗೆ. ಎಡಕ್ಕೊಂದು, ಬಲಕ್ಕೊಂದು, ಎರಡೂ ಅಡ್ಡವಾಗಿ ನಿಂತವು.

ಇವರ ಹಳೆಯ ಸ್ನೇಹಿತರೊಬ್ಬರು ಹೆಜಮಾಡಿಯಿಂದ ಬಂದರು. ಹೂ ಹಾಕಿ ಕೈ ಮುಗಿದು, ತುಂಬಾ ಹೊತ್ತು ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದರು.

"ಮೀಸೆ ಯಾವಾಗ ಬಿಟ್ಟದ್ದು ಟೀಚರ್? ನಾನು ನೋಡಿರಲೇ ಇಲ್ಲ."

"ಬ್ಯಾಟರಿ ತೆಗೆದ ಮೇಲೆ," ಎಂದೆ.